ಜಮೆಯಾದದ್ದೆಲ್ಲ ಲಾಭವಲ್ಲ: ಕೃತಜ್ಞತೆ ಮತ್ತು ಸಂಕಲ್ಪಗಳ ದಿನಚರಿಯ ವಿಮರ್ಶೆ

ಮುಂಜಾನೆ ಎದ್ದೊಡನೆ ತನಗೆ ದೊರೆತ ಮೂರು ಒಳಿತುಗಳನ್ನು ಬರೆಯುವುದು, ಅದರ ಕೆಳಗೆ ಆ ದಿನ ಮಾಡಬೇಕೆಂದಿರುವುದನ್ನು ಗುರುತಿಸುವುದು, ರಾತ್ರಿ ಮಲಗುವ ಮುನ್ನ ದಿನದಲ್ಲಿ ನಡೆದ ಒಳ್ಳೆಯ ಸಂಗತಿಗಳನ್ನು ದಾಖಲಿಸುವುದು: ಈ ಕ್ರಮದ ದಿನಚರಿ ಪುಸ್ತಕಗಳು ಇತ್ತೀಚಿನ ವರ್ಷಗಳಲ್ಲಿ ವಿದ್ಯಾವಂತ ಕುಟುಂಬಗಳನ್ನು ಬಹುವಾಗಿ ಆಕರ್ಷಿಸಿವೆ. 2013ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದ ‘ಫೈವ್ ಮಿನಿಟ್ ಜರ್ನಲ್’ ಎಂಬ ಪುಸ್ತಕವು ಈ ವಿನ್ಯಾಸವನ್ನು ಜನಪ್ರಿಯಗೊಳಿಸಿತು. ಈಗ ಅದರ ಮಾದರಿಯವು ಅನೇಕ. ಪುಟವನ್ನು ಮೊದಲೇ ಮನೆಗಳಾಗಿ ಹಂಚಿ ಅಚ್ಚು ಮಾಡಿರುತ್ತಾರೆ. ಬರೆಯುವವರು ಖಾಲಿ ಗೆರೆಗಳನ್ನು ತುಂಬಿದರೆ ಸಾಕು. ಒಳ್ಳೆಯದನ್ನು ನೆನೆಯಲು ಯಾರನ್ನಾದರೂ ಪ್ರೇರಿಸುವ ಪುಸ್ತಕವನ್ನು ಹಳಿಯುವುದು ಸಲ್ಲದು. ಆದರೆ ಯಾವ ಬರಹಕ್ಕೂ ಒಂದು ರೂಪವಿರುತ್ತದೆ. ಆ ರೂಪವು ಬರೆಯುವವನ ಕಣ್ಣಿಗೆ ಕೆಲವನ್ನು ಕಾಣಿಸುತ್ತದೆ, ಕೆಲವನ್ನು ಮರೆಮಾಡುತ್ತದೆ. ಈ ದಿನಚರಿಯ ಪುಟ ಏನನ್ನು ಕಾಣಿಸುತ್ತದೆ, ಏನನ್ನು ಮರೆಮಾಡುತ್ತದೆ ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಮೊದಲು ಅದರ ಪರವಾಗಿ ಹೇಳಬೇಕಾದುದನ್ನು ಹೇಳುವುದು ನ್ಯಾಯ. 2003ರಲ್ಲಿ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಾ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಈ ಅಭ್ಯಾಸವನ್ನು ಪ್ರಯೋಗದಿಂದ ಪರೀಕ್ಷಿಸಿ ಪ್ರಕಟಿಸಿದರು. ವಿದ್ಯಾರ್ಥಿಗಳ ಮೂರು ಗುಂಪುಗಳು ಹತ್ತು ವಾರಗಳ ಕಾಲ ವಾರಕ್ಕೊಮ್ಮೆ ಬರೆದವು. ಮೊದಲ ಗುಂಪು ತಾನು ಕೃತಜ್ಞವಾಗಿರಬೇಕಾದ ಐದರವರೆಗಿನ ಸಂಗತಿಗಳನ್ನು, ಎರಡನೆಯದು ಕಿರಿಕಿರಿಗಳನ್ನು, ಮೂರನೆಯದು ವಾರದಲ್ಲಿ ತನ್ನ ಮೇಲೆ ಪ್ರಭಾವ ಬೀರಿದ ಸಾಮಾನ್ಯ ಘಟನೆಗಳನ್ನು ಬರೆಯಿತು. ಮೊದಲ ಗುಂಪಿನವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನವಿತ್ತು. ದೇಹದ ದೂರುಗಳು ಕಡಿಮೆಯಿದ್ದವು. ದಿನವೂ ಬರೆಸಿದ ಇನ್ನೊಂದು ಪ್ರಯೋಗದಲ್ಲಿ, ಕೃತಜ್ಞತೆಯನ್ನು ಬರೆದವರು ಇತರರ ಕಷ್ಟದಲ್ಲಿ ನೆರವಾದುದಾಗಿಯೂ ಸಾಂತ್ವನ ನೀಡಿದುದಾಗಿಯೂ ಹೆಚ್ಚಾಗಿ ಹೇಳಿದರು. ಆದುದರಿಂದ ಈ ದಿನಚರಿ ಬರಿಯ ಸ್ವಾರ್ಥದ ಸಾಧನವೆಂದು ತಳ್ಳಿಹಾಕಲಾಗದು. ಆದರೆ ಆ ಫಲಗಳೆಲ್ಲವೂ ಬರೆದವರು ತಮ್ಮ ಬಗ್ಗೆ ತಾವೇ ಕೊಟ್ಟ ವರದಿಗಳು ಎಂಬುದನ್ನೂ ನೆನಪಿಡಬೇಕು. ನೆರವು ಪಡೆದವನನ್ನು ಯಾರೂ ಕೇಳಲಿಲ್ಲ. ಪ್ರಯೋಗದ ತಕ್ಕಡಿಯಲ್ಲಿ ತೂಗಿದ್ದು ಬರೆದವನ ನೆಮ್ಮದಿಯನ್ನು. ನೆಮ್ಮದಿ ಬೇಡವಾದುದಲ್ಲ, ಆದರೆ ಕೃತಜ್ಞತೆ ಎಂಬ ಶಬ್ದವು ಅದಕ್ಕಿಂತ ಹೆಚ್ಚಿನದನ್ನು ಕೇಳುತ್ತದೆ.

ಕೃತ ಎಂದರೆ ಮಾಡಲ್ಪಟ್ಟದ್ದು. ಅದನ್ನು ಅರಿತವನು ಕೃತಜ್ಞ. ಮಾಡಲ್ಪಟ್ಟಿದೆ ಎಂದ ಮೇಲೆ ಮಾಡಿದವನೊಬ್ಬನಿರಲೇಬೇಕು. ತನಗೆ ಸುಖವಾಯಿತು ಎಂಬ ಅರಿವು ಸಂತೋಷ. ಆ ಸುಖ ಯಾರ ದುಡಿಮೆಯಿಂದ ಬಂತು ಎಂಬ ಅರಿವು ಕೃತಜ್ಞತೆ. ಅಚ್ಚಾದ ದಿನಚರಿಗಳಲ್ಲಿ ಸಾಮಾನ್ಯವಾಗಿ ಕಾಣುವ ನಮೂದುಗಳೆಂದರೆ ಒಳ್ಳೆಯ ಆರೋಗ್ಯ, ಬಿಸಿಯಾದ ಊಟ, ಪ್ರೀತಿಯ ಕುಟುಂಬ, ಮಳೆ ಬಂದ ಸಂಜೆ ಇಂಥವು. ಇವುಗಳಲ್ಲಿ ವಸ್ತುವಿದೆ, ಅನುಭವವಿದೆ, ಕರ್ತೃವಿಲ್ಲ. ಪುಟದ ಗೆರೆಯು ‘ಏನು’ ಎಂದು ಕೇಳುತ್ತದೆಯೇ ಹೊರತು ‘ಯಾರಿಂದ’ ಎಂದು ಕೇಳುವುದಿಲ್ಲ.

ಇದನ್ನು ಒಂದು ಸಮೀಪದ ಉದಾಹರಣೆಯಿಂದ ನೋಡಬಹುದು. ಕಲಬುರಗಿ ನಗರದ ಒಂದು ಮನೆಯಲ್ಲಿ ಯಾರೋ ‘ಬಿಸಿಯಾದ ಬೇಳೆ, ರೊಟ್ಟಿ’ ಎಂದು ಕೃತಜ್ಞತೆಯ ಗೆರೆಯಲ್ಲಿ ಬರೆದರೆಂದುಕೊಳ್ಳೋಣ. ನಗರದ ಸೆರಗಿನ ಶರಣಸಿರಸಗಿಯಂಥ ಊರಿನ ಹೊಲದಿಂದ ಆ ಬೇಳೆ ಬಂದಿದ್ದರೆ, ಅದರ ಹಿಂದಿನ ಕತೆ ಒಂದು ಗೆರೆಯಲ್ಲಿ ಮುಗಿಯುವುದಿಲ್ಲ. ಮುಂಗಾರಿನಲ್ಲಿ ಎರೆಭೂಮಿಗೆ ಬಿತ್ತಿದ ತೊಗರಿ ಐದಾರು ತಿಂಗಳು ಹೊಲದಲ್ಲಿರುತ್ತದೆ. ಕಾಯಿಕೊರಕ ಹುಳುವಿನಿಂದಲೂ ನೆಟೆ ರೋಗದಿಂದಲೂ ಉಳಿದದ್ದು ಮಾತ್ರ ಚಳಿಗಾಲದಲ್ಲಿ ಕೊಯ್ಲಿಗೆ ಬರುತ್ತದೆ. ಕಳೆ ತೆಗೆದ ಹೆಣ್ಣುಮಕ್ಕಳು, ರಾಶಿ ಮಾಡಿದವರು, ಚೀಲ ಹೊತ್ತ ಹಮಾಲರು, ಗಂಜಿನಲ್ಲಿ ತೂಗಿದವರು, ಅಡತಿ ಅಂಗಡಿಯವರು, ಬೇಳೆ ಮಿಲ್ಲಿನ ಧೂಳಿನಲ್ಲಿ ನಿಂತು ದುಡಿದವರು, ಕೊನೆಗೆ ಒಲೆಯ ಮುಂದೆ ಕುಳಿತ ಮನೆಯಾಕೆ, ಇಷ್ಟು ಕೈಗಳನ್ನು ದಾಟಿ ಅದು ತಟ್ಟೆಗೆ ಬಂದಿದೆ. ಗುಲ್ಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆತಾಗ ಬೇಳೆಯ ಹೆಸರು ದಾಖಲೆಗೆ ಸೇರಿತು. ದಿನಚರಿಯ ಪುಟದಲ್ಲೂ ಬೇಳೆಯ ಹೆಸರು ಸೇರುತ್ತದೆ. ಕೈಗಳ ಹೆಸರು ಸೇರುವುದು ಯಾವಾಗ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಹಳೆಯ ಅಂಗಡಿಗಳ ಕಿರ್ದಿಪುಸ್ತಕದಲ್ಲಿ ಒಂದು ಉತ್ತರವಿದೆ. ದಿನದ ವ್ಯವಹಾರವನ್ನು ಅಂದಂದೇ ಬರೆಯುವ ಆ ಪುಸ್ತಕದಲ್ಲಿ ಎರಡು ಬದಿಗಳು: ಒಂದು ಜಮೆ, ಇನ್ನೊಂದು ಖರ್ಚು. ಲೆಕ್ಕ ತಿಳಿಯದವರು ಜಮೆಯೆಂದರೆ ಗಳಿಕೆ ಎಂದು ಭಾವಿಸುತ್ತಾರೆ. ಗುಮಾಸ್ತನು ಮೊದಲ ವಾರದಲ್ಲಿಯೇ ಕಲಿಯುವ ಪಾಠ ಬೇರೆ. ಒಬ್ಬರಿಂದ ಹಣವಾಗಲಿ ಮಾಲಾಗಲಿ ಬಂದರೆ ಅದು ಕೊಟ್ಟವರ ಹೆಸರಿಗೆ ಜಮೆಯಾಗುತ್ತದೆ. ಅಂದರೆ ಅಂಗಡಿಯು ಅವರಿಗೆ ಅಷ್ಟು ಕೊಡಬೇಕಾಗಿದೆ ಎಂದರ್ಥ. ಹೆಸರಿಲ್ಲದ ಜಮೆಯನ್ನು ಯಾವ ಮುನೀಮನೂ ಒಪ್ಪುವುದಿಲ್ಲ. ಅದನ್ನು ಖಾತೆಗೆ ಏರಿಸುವುದೇ ಸಾಧ್ಯವಿಲ್ಲ. ಬಂದದ್ದರಲ್ಲಿ ಲಾಭವೆಷ್ಟು ಎಂಬುದು ಕೊಡಬೇಕಾದವರಿಗೆಲ್ಲ ಕೊಟ್ಟ ಮೇಲೆ, ವರ್ಷದ ಕೊನೆಯಲ್ಲಿ ತಿಳಿಯತಕ್ಕ ಸಂಗತಿ. ಹೊಸ ದಿನಚರಿಯ ದೋಷವನ್ನು ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ ಇಷ್ಟೇ: ಅದು ಜಮೆಯನ್ನು ಲಾಭವೆಂದು ಓದುತ್ತದೆ. ಕೊಡಬೇಕಾದವರ ಹೆಸರನ್ನು ಬಿಟ್ಟು ಬಂದದ್ದನ್ನು ಮಾತ್ರ ಬರೆದು, ಪ್ರತಿದಿನವೂ ತಾನು ಶ್ರೀಮಂತನೆಂದು ಸಂತೋಷಪಡುತ್ತದೆ.

ಕಲಬುರಗಿಯ ನೆಲದ ರೂಢಿಗಳು ಈ ವಿಷಯದಲ್ಲಿ ಹೆಚ್ಚು ಎಚ್ಚರವುಳ್ಳವು. ಎಳ್ಳ ಅಮಾವಾಸ್ಯೆಯ ದಿನ ಇಲ್ಲಿನ ಒಕ್ಕಲು ಮನೆತನಗಳು ರೊಟ್ಟಿ, ಭಜ್ಜಿಗಳ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತವೆ. ಬೆಳೆದು ನಿಂತ ಪೈರಿನ ನಡುವೆ ಪೂಜೆ ಮಾಡಿ, ತಾವು ಉಣ್ಣುವ ಮೊದಲು ಅನ್ನವನ್ನು ಹೊಲದ ಸುತ್ತ ಚರಗ ಚೆಲ್ಲುತ್ತವೆ. ಬಳಿಕ ಬಂಧುಗಳನ್ನೂ ದಾರಿಹೋಕರನ್ನೂ ಕರೆದು ಉಣಬಡಿಸುತ್ತವೆ. ಭೂಮಿ ಕೊಟ್ಟಿತು ಎಂಬ ತಿಳಿವಳಿಕೆ ಅಲ್ಲಿ ಮರಳಿ ಕೊಡುವ ಕ್ರಿಯೆಯಾಗಿದೆ. ಶರಣರು ಕಾಯಕದ ಜೊತೆಗೆ ದಾಸೋಹವನ್ನು ಇರಿಸಿದ್ದೂ ಇದೇ ಕಾರಣಕ್ಕೆ. ದುಡಿದು ಬಂದದ್ದು ತನ್ನ ಬಳಿ ನಿಲ್ಲತಕ್ಕದ್ದಲ್ಲ ಎಂಬ ಆ ತತ್ತ್ವವು ಕಲಬುರಗಿಯ ಶರಣಬಸವೇಶ್ವರರ ಹೆಸರಿನೊಂದಿಗೆ ಇಂದಿಗೂ ಜನಮನದಲ್ಲಿ ನಿಂತಿದೆ. ಈ ರೂಢಿಗಳಲ್ಲಿ ಕೃತಜ್ಞತೆಯು ಖರ್ಚಿನ ಬದಿಯಲ್ಲಿ ಬರುವ ಬಾಬತ್ತು. ಹೊಸ ದಿನಚರಿಯಲ್ಲಿ ಅದಕ್ಕೆ ಖರ್ಚಿನ ಬದಿಯೇ ಇಲ್ಲ.

ಹಾಗಾದರೆ ಕೊಟ್ಟವನ ಹೆಸರನ್ನು ನೆನೆದರೆ ಸಾಕೇ? ಸಾಲದು ಎಂಬುದಕ್ಕೆ ಕನ್ನಡದ ಆದಿಕವಿಯೇ ಸಾಕ್ಷಿ. ಹಳೆಗನ್ನಡದಲ್ಲಿ ಉಂಡ ಅನ್ನದ ಋಣಕ್ಕೆ ‘ಜೋಳದ ಪಾಳಿ’ ಎಂಬ ಹೆಸರಿತ್ತು. ಒಡೆಯನು ಇತ್ತ ಜೋಳವನ್ನು ಉಂಡವನು ಅವನಿಗಾಗಿ ಪ್ರಾಣವನ್ನಾದರೂ ತೆರಬೇಕೆಂಬುದು ಆ ಕಾಲದ ವೀರಧರ್ಮ. ಪಂಪನು ಹತ್ತನೆಯ ಶತಮಾನದಲ್ಲಿ ರಚಿಸಿದ ವಿಕ್ರಮಾರ್ಜುನ ವಿಜಯದಲ್ಲಿ ಕರ್ಣನು ಈ ಧರ್ಮದ ಪರಮಾವಧಿ. ತಾನು ಕುಂತಿಯ ಹಿರಿಯ ಮಗನೆಂದು ತಿಳಿದ ಮೇಲೂ, ರಾಜ್ಯವೇ ಕೈಗೆ ಬರುವಂತಿದ್ದರೂ, ತನ್ನನ್ನು ಮಾನಿಸಿದ ದುರ್ಯೋಧನನನ್ನು ಅವನು ಬಿಡಲೊಲ್ಲ. ಪಂಪನು ಅವನ ತ್ಯಾಗವನ್ನೂ ನನ್ನಿಯನ್ನೂ ಮನತುಂಬಿ ಕೊಂಡಾಡಿದ್ದಾನೆ; ಆ ಹೊಗಳಿಕೆಗೆ ಕರ್ಣ ಅರ್ಹನೂ ಹೌದು. ಕರ್ಣನ ಪುಸ್ತಕದಲ್ಲಿ ಜಮೆಯ ಮುಂದೆ ಹೆಸರು ಸ್ಪಷ್ಟವಾಗಿದೆ; ಮರಳಿ ಕೊಡುವ ಮನಸ್ಸೂ ಪೂರ್ಣವಾಗಿದೆ. ಆದರೂ ಅವನು ಅಧರ್ಮದ ಪಕ್ಷದಲ್ಲಿ ನಿಂತು ಮಡಿಯುತ್ತಾನೆ. ಯಾರಿಗೆ ಋಣಿ ಎಂಬುದನ್ನು ಅರಿತರೂ, ಆ ಋಣವನ್ನು ಯಾವ ಕಾರ್ಯದಿಂದ ತೀರಿಸಬಹುದು, ಯಾವುದರಿಂದ ತೀರಿಸಬಾರದು ಎಂಬ ವಿವೇಕ ಬೇರೆಯಾಗಿ ಬೇಕು. ಕೃತಜ್ಞತೆಯೊಂದೇ ಮನುಷ್ಯನನ್ನು ಉದ್ಧರಿಸುತ್ತದೆ ಎಂಬ ಹೊಸ ಪುಸ್ತಕಗಳ ಭರವಸೆಗೆ ಕರ್ಣನ ಬದುಕು ದೊಡ್ಡದೊಂದು ಆಕ್ಷೇಪಣೆ.

ಆ ವಿವೇಕಕ್ಕೆ ಎಡೆ ಮಾಡಿಕೊಡುವ ಒಂದು ದಿನಕ್ರಮವನ್ನು ಜೈನ ಆಚಾರಶಾಸ್ತ್ರವು ಬಹಳ ಹಿಂದೆಯೇ ರೂಪಿಸಿದೆ. ವಟ್ಟಕೇರಾಚಾರ್ಯರ ಮೂಲಾಚಾರವು ಆರು ಆವಶ್ಯಕಗಳನ್ನು ಹೇಳುತ್ತದೆ: ಸಾಮಾಯಿಕ, ಚತುರ್ವಿಂಶತಿಸ್ತವ, ವಂದನೆ, ಪ್ರತಿಕ್ರಮಣ, ಪ್ರತ್ಯಾಖ್ಯಾನ, ಕಾಯೋತ್ಸರ್ಗ. ಇದು ಮುನಿಗಳಿಗೆ ವಿಧಿಸಿದ ಕ್ರಮವಾದರೂ ಶ್ರಾವಕರೂ ಯಥಾಶಕ್ತಿ ಅನುಸರಿಸುತ್ತ ಬಂದದ್ದು. ಇದರ ಅನುಕ್ರಮವು ಗಮನಾರ್ಹ. ಮೊದಲು ಮನಸ್ಸನ್ನು ಸಮಸ್ಥಿತಿಗೆ ತರುವುದು. ಆಮೇಲೆ ದಾರಿ ತೋರಿದವರ ಗುಣಗಳನ್ನು ಸ್ಮರಿಸಿ ವಂದಿಸುವುದು. ಇಲ್ಲಿಯವರೆಗಿನದು ಕೃತಜ್ಞತೆಯ ಭಾಗ. ಅದರಲ್ಲಿ ಪಡೆದ ವಸ್ತುವಿನ ಪ್ರಸ್ತಾಪವಿಲ್ಲ, ಉಪಕಾರಿಯ ಗುಣದ ಸ್ಮರಣೆ ಇದೆ. ಅನಂತರ ಆದ ತಪ್ಪುಗಳ ಆಲೋಚನೆ ಮತ್ತು ಅವುಗಳಿಂದ ಹಿಂದಿರುಗುವ ಪ್ರತಿಕ್ರಮಣ. ಅದಾದ ಮೇಲೆಯೇ ಮುಂದಿನ ಕಾಲದ ಬಗ್ಗೆ ಪ್ರತ್ಯಾಖ್ಯಾನ. ಕೊನೆಗೆ ದೇಹದ ಮಮತೆಯನ್ನು ಬಿಟ್ಟು ನಿಲ್ಲುವ ಕಾಯೋತ್ಸರ್ಗ.

ಹೊಸ ದಿನಚರಿಯು ಕೃತಜ್ಞತೆಯಿಂದ ನೇರವಾಗಿ ಸಂಕಲ್ಪಕ್ಕೆ ಹಾರುತ್ತದೆ. ನಡುವಿನ ಪ್ರತಿಕ್ರಮಣವೇ ಅಲ್ಲಿ ಬಿಟ್ಟುಹೋದ ಪುಟ. ರಾತ್ರಿಯ ಭಾಗದಲ್ಲಿ ಕೆಲವರು ‘ಇನ್ನೂ ಚೆನ್ನಾಗಿ ಮಾಡಬಹುದಾಗಿದ್ದುದು’ ಎಂಬ ಒಂದು ಗೆರೆಯನ್ನು ಇಡುತ್ತಾರೆ. ಆದರೆ ಅಲ್ಲಿ ಬರುವುದು ಹೆಚ್ಚಾಗಿ ತನ್ನ ಕಾರ್ಯಕ್ಷಮತೆಯ ವಿಚಾರ. ಬೇಗ ಏಳಬೇಕಿತ್ತು, ಕಡಿಮೆ ತಿನ್ನಬೇಕಿತ್ತು ಎಂಬಂಥವು. ತನ್ನಿಂದ ಇನ್ನೊಬ್ಬರಿಗೆ ಆದ ನೋವು ಅಲ್ಲಿ ಅಪರೂಪ. ಮೂಲಾಚಾರವು ಪ್ರತಿಕ್ರಮಣವನ್ನು ದೈವಸಿಕ, ರಾತ್ರಿಕ, ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ ಮುಂತಾಗಿ ವಿಭಾಗಿಸಿದೆ. ದಿನದ ಕಿರ್ದಿ, ಪಕ್ಷದ ತಾಳೆ, ವರ್ಷದ ಆಖೈರು ಎಂಬ ಅಂಗಡಿಯ ಕ್ರಮಕ್ಕೆ ಇದು ಬಹಳ ಹತ್ತಿರ. ದಿನದ ಲೆಕ್ಕದಲ್ಲಿ ಕಣ್ತಪ್ಪಿದ್ದು ಪಕ್ಷದ ಲೆಕ್ಕದಲ್ಲಿ ಸಿಗಬೇಕು. ಅಲ್ಲಿಯೂ ತಪ್ಪಿದ್ದು ವರ್ಷದ ಕೊನೆಗಾದರೂ ಸಿಗಬೇಕು. ಹಿಂದಿನ ಪುಟಗಳನ್ನು ಮರಳಿ ನೋಡದೆ ದಿನವೂ ಹೊಸ ಪುಟ ತುಂಬುವುದರಿಂದ ಪುಸ್ತಕ ಮುಗಿಯುತ್ತದೆ, ಲೆಕ್ಕ ಮುಗಿಯುವುದಿಲ್ಲ.

ಇನ್ನು ಸಂಕಲ್ಪದ ಗೆರೆಯನ್ನು ಪರಿಶೀಲಿಸಬೇಕು. ಸಂಕಲ್ಪದ ಬಲವೆಷ್ಟು ಎಂಬುದನ್ನು ಕನ್ನಡದಲ್ಲಿ ಜನ್ನನಷ್ಟು ತೀಕ್ಷ್ಣವಾಗಿ ಕಾಣಿಸಿದ ಕವಿ ವಿರಳ. 1209ರ ಯಶೋಧರ ಚರಿತೆಯಲ್ಲಿ ಯಶೋಧರ ರಾಜನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಪೂರ್ತಿ ಮಣಿಯಲಾರದೆ, ಪೂರ್ತಿ ನಿರಾಕರಿಸಲಾರದೆ, ಜೀವವುಳ್ಳ ಪ್ರಾಣಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡಲು ಒಪ್ಪುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿಯೇ ಕೂಗುತ್ತದೆ. ಹೊರಗಿನ ಲೆಕ್ಕದಲ್ಲಿ ಅಲ್ಲಿ ಒಂದು ಹಿಡಿ ಹಿಟ್ಟಲ್ಲದೆ ಬೇರೇನೂ ನಷ್ಟವಾಗಿಲ್ಲ. ಆದರೂ ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಕ್ಕಳು ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ. ಕೃತ್ಯಕ್ಕಿಂತ ಮುಂಚೆ ಮನಸ್ಸು ಏನನ್ನು ಒಪ್ಪಿಕೊಂಡಿತು ಎಂಬುದೇ ಜನ್ನನಿಗೆ ಮುಖ್ಯ. ಪ್ರತಿದಿನ ಸಂಕಲ್ಪವನ್ನು ಬರೆದಿಡುವುದು ಒಂದು ಆಟವೆಂದು ತಿಳಿದವರು ಈ ಕಾವ್ಯವನ್ನು ಓದಬೇಕು. ಬರೆದ ಸಂಕಲ್ಪವು ನೆರವೇರಲಿ ಬಿಡಲಿ, ಬರೆದವನ ಮೇಲೆ ಅದರ ಗುರುತು ಉಳಿಯುತ್ತದೆ.

ಆದುದರಿಂದಲೇ ಶಾಸ್ತ್ರವು ಮುಂದಿನದನ್ನು ಕುರಿತ ಮನಸ್ಸಿನ ಎರಡು ವೃತ್ತಿಗಳನ್ನು ಬೇರ್ಪಡಿಸಿದೆ. ಒಂದು ಪ್ರತ್ಯಾಖ್ಯಾನ: ಇಂಥದನ್ನು ಇಷ್ಟು ಕಾಲ ಬಿಡುತ್ತೇನೆ ಎಂಬ ಮಿತಿ. ಇನ್ನೊಂದು ನಿದಾನ: ಇಂಥದು ನನಗೆ ದೊರೆಯಲಿ ಎಂಬ ಬಯಕೆ. ತತ್ತ್ವಾರ್ಥಸೂತ್ರದ ಸಂಪ್ರದಾಯದಲ್ಲಿ ಮಾಯೆ, ಮಿಥ್ಯಾತ್ವ, ನಿದಾನಗಳು ಮೂರು ಶಲ್ಯಗಳು, ಅಂದರೆ ಒಳಗೆ ಚುಚ್ಚಿಕೊಂಡು ಉಳಿದ ಮುಳ್ಳುಗಳು. ಮುಳ್ಳಿರುವವರೆಗೆ ವ್ರತ ನಿಲ್ಲದು. ನಿದಾನಕ್ಕೆ ಪ್ರಸಿದ್ಧವಾದ ದೃಷ್ಟಾಂತ ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿದೆ. ಗುಣಭದ್ರರು ಜಿನಸೇನಾಚಾರ್ಯರ ಶಿಷ್ಯರು. ಜಿನಸೇನರು ಇದೇ ಕಲಬುರಗಿ ಜಿಲ್ಲೆಯ ಕಾಗಿಣಾ ತೀರದ ಮಳಖೇಡದಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಗುರುಗಳು. ಮಹಾವೀರ ಸ್ವಾಮಿಯ ಪೂರ್ವಜನ್ಮಗಳಲ್ಲೊಂದಾದ ವಿಶ್ವನಂದಿಯು ಘೋರ ತಪಸ್ಸಿನಿಂದ ಕೃಶವಾದ ಮುನಿಯಾಗಿದ್ದಾಗ ಹಸುವೊಂದು ತಾಗಿ ಬೀಳುತ್ತಾನೆ. ಹಳೆಯ ವೈರಿ ಅದನ್ನು ಕಂಡು ನಗುತ್ತಾನೆ. ಆ ಕ್ಷಣದಲ್ಲಿ ಮುನಿಯು ಮಾಡಿದ ನಿದಾನವು ಮುಂದೆ ಅವನನ್ನು ತ್ರಿಪೃಷ್ಠನೆಂಬ ವಾಸುದೇವನನ್ನಾಗಿ ಮಾಡುತ್ತದೆ; ಆ ವೈಭವದ ತುದಿಯಲ್ಲಿ ನರಕವಿದೆ. ತಪಸ್ಸಿನ ದೊಡ್ಡ ಗಂಟನ್ನು ಅವನು ಒಂದು ಬಯಕೆಗೆ ಮಾರಿದ.

ಇಂದಿನ ಅನೇಕ ದಿನಚರಿಗಳ ಸಂಕಲ್ಪದ ಗೆರೆ ನಿದಾನದ ಗೆರೆಯೇ ಆಗಿದೆ. ಇಷ್ಟು ಹಣ ಬರಲಿ, ಇಂಥ ಮನೆಯಾಗಲಿ, ಇಂಥ ಹುದ್ದೆ ದೊರೆಯಲಿ ಎಂದು ದಿನವೂ ಬರೆದರೆ ವಿಶ್ವವೇ ಅದನ್ನು ನಡೆಸಿಕೊಡುತ್ತದೆ ಎಂದು ಬೋಧಿಸುವ ಪುಸ್ತಕಗಳೂ ಮಾರುಕಟ್ಟೆಯಲ್ಲಿವೆ. ಅಲ್ಲಿ ಮುಂಜಾನೆಯ ಕೃತಜ್ಞತೆ ಎಂಬುದು ಬೇಡಿಕೆಗೆ ಮುಂಚಿನ ಮುಂಗಡ. ಕೃತಜ್ಞತೆಯನ್ನೇ ಹೆಚ್ಚು ಪಡೆಯುವ ಉಪಾಯವಾಗಿ ಬಳಸುವಾಗ ಅದು ವ್ಯಾಪಾರವಾಗುತ್ತದೆ. ನಿಜವಾದ ವ್ಯಾಪಾರಕ್ಕಿರುವ ಪ್ರಾಮಾಣಿಕತೆಯೂ ಅದಕ್ಕಿಲ್ಲ. ಏಕೆಂದರೆ ಅಲ್ಲಿ ಎದುರು ಪಕ್ಷಕ್ಕೆ ಬೆಲೆಯನ್ನು ಹೇಳಿರುವುದಿಲ್ಲ.

ಪ್ರತ್ಯಾಖ್ಯಾನದ ಮಾದರಿಯನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬಹು ವ್ಯಾವಹಾರಿಕವಾಗಿ ನಿರೂಪಿಸಿದ್ದಾರೆ. ಕಾಲದ ಮಿತಿಯುಳ್ಳದ್ದು ನಿಯಮ, ಬದುಕಿರುವವರೆಗಿನದು ಯಮ. ಆಹಾರ, ವಾಹನ, ಹಾಸಿಗೆ, ಸ್ನಾನ, ತಾಂಬೂಲ, ವಸ್ತ್ರ, ಆಭರಣಗಳಂಥವನ್ನು ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ, ಒಂದು ಋತು, ಒಂದು ಅಯನ ಎಂದು ಅವಧಿ ಹಾಕಿಕೊಂಡು ಬಿಡುವ ಕ್ರಮ ಅದು. ವಸ್ತುವಿಗೂ ಹೆಸರಿದೆ, ಅವಧಿಗೂ ಹೆಸರಿದೆ. ಪೀಟರ್ ಗೋಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಪ್ರಕಟಿಸಿದ ವಿಚಾರವೂ ಈ ದಿಕ್ಕಿನದೇ. ಒಳ್ಳೆಯವನಾಗುತ್ತೇನೆ ಎಂಬಂಥ ಸಾಮಾನ್ಯ ಗುರಿಗಿಂತ, ಇಂಥ ಸಂದರ್ಭ ಬಂದಾಗ ಹೀಗೆ ಮಾಡುತ್ತೇನೆ ಎಂದು ಕಾಲ, ಸ್ಥಳಗಳನ್ನು ಮೊದಲೇ ಗೊತ್ತುಮಾಡಿಕೊಂಡ ಸಂಕಲ್ಪ ಹೆಚ್ಚಾಗಿ ನೆರವೇರುತ್ತದೆ ಎಂದು ಅವರು ತೋರಿಸಿದರು. ಆದರೆ ಯಾವುದನ್ನು ನೆರವೇರಿಸಬೇಕು ಎಂಬುದನ್ನು ಆ ವಿಜ್ಞಾನ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಅದು ಆಚಾರದ ಪ್ರಶ್ನೆ.

ದಿನವೂ ತನ್ನನ್ನು ಬರೆದುಕೊಂಡವರ ಕೃತಿಗಳನ್ನು ಈ ಬೆಳಕಿನಲ್ಲಿ ನೋಡಿದರೆ ಅವುಗಳ ಗುಣದೋಷಗಳು ಸ್ಪಷ್ಟವಾಗುತ್ತವೆ. ರೋಮಿನ ಚಕ್ರವರ್ತಿ ಮಾರ್ಕಸ್ ಅರೇಲಿಯಸನು ತನಗಾಗಿ ಬರೆದುಕೊಂಡ ಟಿಪ್ಪಣಿಗಳ ಮೊದಲ ಭಾಗವು ತನಗೆ ಉಪಕರಿಸಿದವರ ಪಟ್ಟಿ. ಅಜ್ಜ, ತಾಯಿ, ಗುರುಗಳು ಎಂದು ಒಬ್ಬೊಬ್ಬರ ಹೆಸರಿನ ಮುಂದೆ ಅವರಿಂದ ಕಲಿತ ಗುಣವನ್ನು ಬರೆದಿದ್ದಾನೆ. ಚಕ್ರವರ್ತಿಯಾಗಿದ್ದೂ ಜಮೆಯ ಮುಂದೆ ಹೆಸರು ಬಿಟ್ಟಿಲ್ಲ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 13 ಸದ್ಗುಣಗಳನ್ನು ಅಡ್ಡಸಾಲಿನಲ್ಲಿಯೂ ವಾರದ 7 ದಿನಗಳನ್ನು ನಿಲುಸಾಲಿನಲ್ಲಿಯೂ ಗೆರೆ ಎಳೆದು, ತಪ್ಪಾದಾಗಲೆಲ್ಲ ಕಪ್ಪು ಚುಕ್ಕೆ ಇಡುತ್ತಿದ್ದ. ಬೆಳಗ್ಗೆ ಯಾವ ಒಳಿತನ್ನು ಮಾಡಲಿ, ಸಂಜೆ ಯಾವ ಒಳಿತನ್ನು ಮಾಡಿದೆ ಎಂದು ಕೇಳಿಕೊಳ್ಳುತ್ತಿದ್ದ. ಇದು ಕಟ್ಟುನಿಟ್ಟಾದ ಪುಸ್ತಕ. ಆದರೆ ಇದರಲ್ಲಿ ಖಾತೆದಾರರಿಲ್ಲ, ಇರುವವನು ಫ್ರಾಂಕ್ಲಿನ್ ಒಬ್ಬನೇ. ಅವನಿಂದ ನೊಂದವರು ಯಾರೆಂಬುದು ಚುಕ್ಕೆಗಳಿಂದ ತಿಳಿಯದು.

ನಮ್ಮ ದೇಶದ ಇಬ್ಬರು ಜೈನ ವರ್ತಕರ ಬರಹಗಳು ಇನ್ನೂ ಬೋಧಪ್ರದ. ಆಗ್ರಾದ ಬನಾರಸೀದಾಸನು 1641ರಲ್ಲಿ, ತನ್ನ 55ನೆಯ ವಯಸ್ಸಿನಲ್ಲಿ, ಅರ್ಧಕಥಾನಕ ಎಂಬ ಆತ್ಮಕಥೆಯನ್ನು ಪದ್ಯದಲ್ಲಿ ಬರೆದ. ವ್ಯಾಪಾರದಲ್ಲಿ ಪದೇಪದೇ ಸೋತುದು, ಒಂಬತ್ತು ಮಕ್ಕಳನ್ನೂ ಕಳೆದುಕೊಂಡುದು ಅದರಲ್ಲಿ ಮುಚ್ಚುಮರೆಯಿಲ್ಲದೆ ಬಂದಿದೆ. ಕೊನೆಯಲ್ಲಿ ಅವನು ತನ್ನ ಗುಣಗಳನ್ನು ಎಣಿಸುತ್ತಾನೆ. ಒಡನೆಯೇ ದೋಷಗಳನ್ನೂ ಎಣಿಸುತ್ತಾನೆ. ಎರಡು ಬದಿಗಳನ್ನೂ ಬರೆದು ತೋರಿಸಿದ ಪುಸ್ತಕವಾದುದರಿಂದ ಅದು ಇಂದಿಗೂ ನಂಬಿಕೆಗೆ ಅರ್ಹವಾಗಿದೆ.

ಇನ್ನೊಬ್ಬರು ಶ್ರೀಮದ್ ರಾಜಚಂದ್ರರು. 1867ರಲ್ಲಿ ಹುಟ್ಟಿ 1901ರಲ್ಲಿ ತೀರಿಕೊಂಡ ಅವರು ಮುಂಬಯಿಯಲ್ಲಿ ಮುತ್ತುರತ್ನಗಳ ವ್ಯಾಪಾರದಲ್ಲಿದ್ದರು. 1891ರಲ್ಲಿ ಇಂಗ್ಲೆಂಡಿನಿಂದ ಮರಳಿದ ಗಾಂಧೀಜಿ ಅವರನ್ನು ಕಂಡರು. ಅವರ ಗಾದಿಯ ಬಳಿ ಯಾವುದಾದರೊಂದು ಧರ್ಮಗ್ರಂಥವೂ ಒಂದು ದಿನಚರಿಯೂ ಇದ್ದೇ ಇರುತ್ತಿದ್ದವೆಂದೂ, ದೊಡ್ಡ ವ್ಯವಹಾರದ ಮಾತು ಮುಗಿದ ಕೂಡಲೇ ಅವರು ಅದನ್ನು ತೆರೆಯುತ್ತಿದ್ದರೆಂದೂ ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಅವರ ಕೈಬರಹದ ಪುಸ್ತಕಗಳು ‘ಹಾಥ್‌ನೋಂಧ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿವೆ. ಕರ್ನಾಟಕದಲ್ಲಿ ಅವರ ಹೆಸರಿನ ಆಶ್ರಮವು ಹಂಪಿಯ ರತ್ನಕೂಟದಲ್ಲಿದೆ. ಆ ಬರಹಗಳಲ್ಲಿ ವಸ್ತುಲಾಭದ ಪಟ್ಟಿಯನ್ನು ಹುಡುಕುವವರಿಗೆ ನಿರಾಶೆಯಾಗುತ್ತದೆ. ತಾನು ಯಾರು, ತನ್ನದಾವುದು ಎಂಬ ಶೋಧನೆಯೇ ಅವುಗಳ ಉಸಿರು. ವಿಮರ್ಶೆಯ ದೃಷ್ಟಿಯಿಂದ ಮುಖ್ಯವಾದುದು ಆ ದಿನಚರಿ ಇದ್ದ ಸ್ಥಳ. ಅದು ಮಲಗುವ ಕೋಣೆಯಲ್ಲಿರಲಿಲ್ಲ, ವ್ಯವಹಾರದ ಗಾದಿಯ ಮೇಲಿತ್ತು. ಬೆಲೆ ಹೇಳಿದ ನಾಲಗೆಯನ್ನು ಅಲ್ಲಿಯೇ, ಆಗಲೇ ವಿಚಾರಿಸಿಕೊಳ್ಳುವ ಅನುಕೂಲ ಅದಕ್ಕಿತ್ತು.

ದಿನಚರಿಯ ಪ್ರಾಮಾಣ್ಯ ಗಾದಿಯ ಮೇಲೆಯೇ ತಿಳಿಯತಕ್ಕದ್ದು. ಅಚೌರ್ಯವ್ರತದ ಅತಿಚಾರಗಳಲ್ಲಿ ಉಮಾಸ್ವಾಮಿಗಳು ಹೆಚ್ಚುಕಡಿಮೆ ತೂಕ ಅಳತೆಯನ್ನೂ, ಕೀಳು ಮಾಲನ್ನು ಬೆರೆಸಿ ಒಳ್ಳೆಯದೆಂದು ಮಾರುವುದನ್ನೂ ಸ್ಪಷ್ಟವಾಗಿ ಎಣಿಸಿದ್ದಾರೆ. ಮುಂಜಾನೆ ‘ಒಳ್ಳೆಯ ಧಾರಣೆಗೆ ಕೃತಜ್ಞ’ ಎಂದು ಬರೆದ ವ್ಯಾಪಾರಿಯು ಮಧ್ಯಾಹ್ನ ರೈತನ ಚೀಲವನ್ನು ತೂಗುವಾಗ ಕಾಟಾದ ಮುಳ್ಳನ್ನು ನೋಡದಿದ್ದರೆ, ಅಥವಾ ತೊಗರಿಬೇಳೆಗೆ ಕೇಸರಿಬೇಳೆ ಬೆರೆತಿರುವುದನ್ನು ಕಂಡೂ ಸುಮ್ಮನಿದ್ದರೆ, ಅವನ ಮುಂಜಾನೆಯ ಪುಟ ಅವನಿಗೆ ವಿರುದ್ಧವಾದ ಸಾಕ್ಷಿಯಾಗುತ್ತದೆ. ಆ ಧಾರಣೆಯ ಹಿಂದಿನ ರೈತನ ಹೆಸರನ್ನು ಮುಂಜಾನೆಯೇ ಬರೆದಿದ್ದರೆ ಮಧ್ಯಾಹ್ನದ ತೂಕದಲ್ಲಿ ಕೈ ತಡೆಯುವ ಸಂಭವವಾದರೂ ಇರುತ್ತಿತ್ತು. ಹೆಸರು ಬರೆಯುವುದರ ಪ್ರಯೋಜನ ಇದು.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ದಿನವೂ ಬರೆಯುವುದು ಕ್ರಮೇಣ ಯಾಂತ್ರಿಕವಾಗುವುದಿಲ್ಲವೇ? ಆಗುತ್ತದೆ. ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಸಂಗಡಿಗರು 2005ರಲ್ಲಿ ವರದಿ ಮಾಡಿದ ಒಂದು ಪ್ರಯೋಗದಲ್ಲಿ, ವಾರಕ್ಕೊಮ್ಮೆ ಒಳಿತುಗಳನ್ನು ಎಣಿಸಿದವರಿಗೆ ಪ್ರಯೋಜನ ಕಂಡಿತು. ವಾರಕ್ಕೆ ಮೂರು ಸಲ ಎಣಿಸಿದವರಿಗೆ ಕಾಣಲಿಲ್ಲ. ದ್ರವ್ಯಪ್ರತಿಕ್ರಮಣ, ಭಾವಪ್ರತಿಕ್ರಮಣ ಎಂಬ ಹಳೆಯ ಭೇದವು ಇದನ್ನೇ ಹೇಳುತ್ತದೆ: ಪಾಠವನ್ನು ಒಪ್ಪಿಸುವುದು ಬೇರೆ, ಮನಸ್ಸು ಹಿಂದಿರುಗುವುದು ಬೇರೆ. ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಇನ್ನೂ ಮುಂದೆ ಹೋಗಿ, ಪರಮಾರ್ಥದ ನೆಲೆಯಲ್ಲಿ ಪ್ರತಿಕ್ರಮಣವನ್ನೂ ವಿಷದ ಕೊಡವೆಂದು ಗಣಿಸಿದ್ದಾರೆ. ನಾನು ಮಾಡಿದೆ, ನಾನು ತಿದ್ದಿಕೊಂಡೆ ಎಂಬ ಕರ್ತೃತ್ವದ ಅಹಂಕಾರ ಅಲ್ಲಿಯೂ ಸೇರಿಕೊಳ್ಳಬಹುದೆಂಬುದೇ ಅದರ ಎಚ್ಚರಿಕೆ. ಆದರೆ ಇದನ್ನು ಪ್ರಮಾದಕ್ಕೆ ಪರವಾನಗಿಯೆಂದು ತಿಳಿಯಬಾರದೆಂದು ವ್ಯಾಖ್ಯಾನಕಾರರಾದ ಅಮೃತಚಂದ್ರ ಸೂರಿಗಳು ಸ್ಪಷ್ಟಪಡಿಸಿದ್ದಾರೆ. ಪ್ರತಿಕ್ರಮಣವೇ ಸಾಲದು ಎಂಬ ಮಾತು ಅದಕ್ಕಿಂತ ಮೇಲಕ್ಕೆ ಏರುವವನಿಗೆ. ಅದನ್ನು ಮಾಡದೆಯೇ ಇರುವವನಿಗೆ ಅಲ್ಲ. ದಿನಚರಿಗೂ ಈ ಮಾತು ಸಲ್ಲುತ್ತದೆ. ಬರೆದ ಪುಟಗಳನ್ನು ಕಂಡು ಬೀಗುವವನಿಗೆ ಅದು ಇನ್ನೊಂದು ಪರಿಗ್ರಹ. ಬರೆಯದೆಯೇ ತಾನು ಮೇಲೇರಿದ್ದೇನೆ ಎಂದುಕೊಂಡವನಿಗೆ ಅದು ತಪ್ಪಿಹೋದ ಮೆಟ್ಟಿಲು.

ಆದುದರಿಂದ ದಿನಚರಿಯನ್ನು ಬಿಡಬೇಕೆಂಬುದು ಈ ವಿಮರ್ಶೆಯ ನಿಲುವಲ್ಲ. ಅದರ ಗೆರೆಗಳನ್ನು ತಿದ್ದಿಕೊಳ್ಳಬೇಕು. ಅದಕ್ಕೆ ಅಚ್ಚಾದ ದುಬಾರಿ ಪುಸ್ತಕ ಬೇಕಾಗಿಲ್ಲ, ಸಾದಾ ನೋಟುಬುಕ್ಕು ಸಾಕು. ಜಮೆಯ ಬದಿಯಲ್ಲಿ ಮೂರು ಸುಖಗಳ ಬದಲು ಒಂದನ್ನೇ ಬರೆಯಲಿ; ಆದರೆ ಅದು ಬಂದ ಕೈಯ ಹೆಸರನ್ನು, ಹೆಸರು ತಿಳಿಯದಿದ್ದರೆ ಕೆಲಸವನ್ನಾದರೂ ಬರೆಯಲಿ. ಅದರ ಎದುರಿಗೆ ಖರ್ಚಿನ ಬದಿಯಲ್ಲಿ ಆ ಋಣದಲ್ಲಿ ಇಂದು ಮರಳಿ ಸಂದದ್ದೆಷ್ಟು ಎಂಬುದನ್ನು ಬರೆಯಲಿ: ಸಕಾಲದಲ್ಲಿ ಕೊಟ್ಟ ಕೂಲಿ, ಸರಿಯಾಗಿ ತೂಗಿದ ತೂಕ, ಒಲೆಯ ಮುಂದಿನಿಂದ ಎಬ್ಬಿಸಿ ಮೊದಲು ಉಣಬಡಿಸಿದ ಒಂದು ಹೊತ್ತಿನ ಊಟ, ಇವೆಲ್ಲವೂ ಅಲ್ಲಿ ಬರಬಹುದು. ಸಂಜೆ ತನ್ನಿಂದ ನೊಂದವರು ಯಾರೆಂಬ ಒಂದು ಗೆರೆ. ಕೊನೆಯಲ್ಲಿ ನಾಳೆಗೆ ಒಂದು ನಿಯಮ, ವಸ್ತುವಿನ ಹೆಸರು ಮತ್ತು ಅವಧಿಯೊಂದಿಗೆ. ಪಕ್ಷಕ್ಕೊಮ್ಮೆ ಹಿಂದಿನ ಪುಟಗಳನ್ನು ತಿರುವಿ ಬಾಕಿ ಉಳಿದದ್ದನ್ನು ಮುಂದಕ್ಕೆ ತರುವುದು.

ಹೀಗೆ ಬರೆದ ಪುಸ್ತಕವು ಓದುವುದಕ್ಕೆ ಅಷ್ಟೊಂದು ಹಿತವಾಗಿರಲಾರದು. ಮೊದಲ ತಿಂಗಳಲ್ಲಿ ಜಮೆಯ ಬದಿ ತುಂಬಿ ಖರ್ಚಿನ ಬದಿ ಬರಿದಾಗಿ ಕಾಣುವುದು ಸಹಜ. ಆದರೆ ಕೊಡಬೇಕಾದದ್ದು ಎಷ್ಟಿದೆ ಎಂದು ತಿಳಿದ ಅಂಗಡಿ ದಿವಾಳಿಯಾಗುವುದು ಅಪರೂಪ. ತಿಳಿಯದೆ ಬಂದದ್ದನ್ನೆಲ್ಲ ಲಾಭವೆಂದು ಬಗೆದ ಅಂಗಡಿಗಳೇ ಬಾಗಿಲು ಹಾಕಿವೆ. ಜೀವಿಗಳು ಒಂದಕ್ಕೊಂದು ಉಪಕಾರ ಮಾಡುತ್ತ ಬದುಕುತ್ತವೆ ಎಂಬ ತತ್ತ್ವಾರ್ಥಸೂತ್ರದ ಮಾತನ್ನು ಗೋಡೆಯ ಮೇಲೆ ಬರೆಸಿ ಮೆಚ್ಚುವವರು ಬಹಳ ಮಂದಿ. ಅದನ್ನು ದಿನದ ಪುಸ್ತಕದಲ್ಲಿ, ಹೆಸರು ಹಾಕಿ, ಎರಡೂ ಬದಿಗಳಲ್ಲಿ ಬರೆಯುವ ಕೆಲಸ ಶ್ರಾವಕರ ಮುಂದಿದೆ.